ಮಧ್ಯಮ ಬಜೆಟ್‌ನಲ್ಲಿ ಮನೆಗೂ ಶೂಟಿಂಗ್ ರೇಂಜಿಗೂ ಆಗುವ ಏರ್ ರೈಫಲ್ ಯಾವುದು?

4.5 ಮಿ.ಮೀ. ನಳಿಕೆಯ ಪಿಸಿಪಿ ರೈಫಲ್ ತಗೊಳ್ಳಿ. ಪಿಸಿಪಿ ಅಂದರೆ ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ರೈಫಲ್.

ಸ್ಪ್ರಿಂಗ್ ರೈಫಲ್ ಅಗ್ಗ, ನಿಜ. ಆದರೆ ಟ್ರಿಗರ್ ಒತ್ತಿದ ಕೂಡಲೇ ಅದರೊಳಗಿನ ಭಾರದ ಪಿಸ್ಟನ್ ರಭಸದಿಂದ ಮುಂದಕ್ಕೆ ನುಗ್ಗುತ್ತದೆ. ಗುಂಡು ನಳಿಕೆ ಬಿಡುವ ಮೊದಲೇ ಇಡೀ ರೈಫಲ್ ಹಿಂದೆ ಮುಂದೆ ಅಲುಗುತ್ತದೆ. ಹಿಡಿತ ಚೂರು ಬದಲಾದರೂ ಗುಂಡು ಬೇರೆ ಕಡೆ ಬೀಳುತ್ತದೆ. ಪಿಸಿಪಿಯಲ್ಲಿ ಸಣ್ಣದೊಂದು ವಾಲ್ವ್ ತೆರೆದು ಮುಚ್ಚುತ್ತದೆ, ಅಷ್ಟೇ. ಹಾಗಾಗಿ ತಪ್ಪಾದರೆ ಅದು ನಿಮ್ಮದೇ ಅಂತ ಗೊತ್ತಾಗುತ್ತದೆ. ಕಲಿಯೋರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು? 10 ಮೀಟರ್ ಸ್ಪರ್ಧೆಯಲ್ಲಿ ನಡುವಿನ ಚುಕ್ಕಿ ಬರೀ ಅರ್ಧ ಮಿ.ಮೀ., ಪೆನ್ನಿನ ಮೊನೆಯಷ್ಟು!

ಗಾಳಿ ತುಂಬಲು ಕೈಪಂಪಿನ ದುಡ್ಡೂ ಲೆಕ್ಕಕ್ಕಿರಲಿ. ಬ್ರಾಂಡಿಗಿಂತ ಅಳತೆ ನೋಡಿ: ಭುಜಕ್ಕೆ ಒರಗುವ ಭಾಗ, ಕೆನ್ನೆ ಪಟ್ಟಿ ಎರಡನ್ನೂ ಹೊಂದಿಸುವಂತಿರಬೇಕು. ಅಂಗಡಿಯಲ್ಲೇ ಕಣ್ಣು ಮುಚ್ಚಿ ಭುಜಕ್ಕಿಡಿ. ಕಣ್ಣು ತೆರೆದಾಗ ಗುರಿ ಹಿಡಿಯುವ ಸೈಟ್ ನೇರ ಕಂಡರೆ ಅದು ನಿಮ್ಮ ಅಳತೆಯದು. ಪೇಪರ್ ಟಾರ್ಗೆಟ್‌ಗೆ ಚಪ್ಪಟೆ ತಲೆಯ ಪೆಲೆಟ್ (ಏರ್ ರೈಫಲ್ ಗುಂಡು) ಕೊಳ್ಳಿ, ದುಂಡಗೆ ಅಚ್ಚುಕಟ್ಟಾಗಿ ತೂತು ಬೀಳುತ್ತದೆ.

ಭಾರತದಲ್ಲಿ ನಳಿಕೆ 4.5 ಮಿ.ಮೀ. ಮತ್ತು ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಆದರೂ ಟಾರ್ಗೆಟ್ ಹಿಂದೆ ಗುಂಡು ತಡೆಯುವ ಗಟ್ಟಿ ಗೋಡೆ ಇಲ್ಲದ ಕಡೆ ಮನೆಯಲ್ಲಿ ಹೊಡೆಯಲೇಬೇಡಿ.