ಪ್ರೀತಿಯ ಕೈಗೆ ಕೀಲಿಕೈ ಕೊಡಬೇಡಿ

ಪ್ರಿಯ ಲೇಖಕರೇ,

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿಯಾಗಿ ಓದಿದ್ದೇನೆ. ಸೆರೆಯ ಅಧ್ಯಾಯಗಳನ್ನು ಮತ್ತೊಮ್ಮೆ, ಪೆನ್ಸಿಲ್ ಹಿಡಿದು ಓದಿದೆ. 1943ರ ಪ್ಯಾರಿಸ್, ಲಂಡನ್ನಿನಿಂದ ರಹಸ್ಯವಾಗಿ ಬಂದಿಳಿದ ವೈರ್‌ಲೆಸ್ ನಿರ್ವಾಹಕಿ, ಅವಳನ್ನು ಸೆರೆಹಿಡಿದ ಜರ್ಮನ್ ವಿಚಾರಣಾಧಿಕಾರಿ, ಅವರಿಬ್ಬರ ನಡುವೆ ಹುಟ್ಟುವ ಪ್ರೀತಿ, ಕೊನೆಗೆ ಅವಳು ತಪ್ಪಿಸಿಕೊಂಡು ಲಂಡನ್ ಸೇರುವುದು: ಕಥೆಯ ಚೌಕಟ್ಟು ಚೆನ್ನಾಗಿದೆ. ಭಾಷೆ ಶುದ್ಧವಾಗಿದೆ, ಸಂಭಾಷಣೆಯಲ್ಲಿ ಬಿಗಿ ಇದೆ, ಮೊದಲ ಮೂರು ಅಧ್ಯಾಯಗಳು ಓದಿಸಿಕೊಂಡು ಹೋಗುತ್ತವೆ. ಆದರೂ ಈಗಿರುವ ರೂಪದಲ್ಲಿ ಇದನ್ನು ನಾನು ಪ್ರಕಟಿಸಲಾರೆ. ಅದಕ್ಕೆ ಕಾರಣವಾದ ದೋಷ ನನ್ನನ್ನು ಎಷ್ಟು ಕಾಡಿತೆಂದರೆ, ಉಳಿದ ಸಣ್ಣಪುಟ್ಟ ತಿದ್ದುಪಡಿಗಳನ್ನೆಲ್ಲ ಬದಿಗಿಟ್ಟು ಅದೊಂದನ್ನೇ ಕುರಿತು ಬರೆಯುತ್ತಿದ್ದೇನೆ.

ಹನ್ನೊಂದನೆಯ ಅಧ್ಯಾಯದ ಕೊನೆಯಲ್ಲಿ ನೀವು ಬರೆದಿರುವ ನಾಲ್ಕು ವಾಕ್ಯಗಳು ಇವು: “ದಿನಗಳು ಉರುಳಿದವು. ಅವನ ಕಣ್ಣುಗಳಲ್ಲಿ ಅವಳು ಪ್ರೀತಿಯನ್ನು ಕಂಡಳು. ಒಂದು ರಾತ್ರಿ ಅವನು ಮಾತಿಲ್ಲದೆ ಅವಳ ಅಂಗೈಯಲ್ಲಿ ಕೀಲಿಕೈ ಇಟ್ಟ. ಅವಳು ಕತ್ತಲೆಯಲ್ಲಿ ಕರಗಿಹೋದಳು.” ಇಡೀ ಕಾದಂಬರಿ ಈ ನಾಲ್ಕು ವಾಕ್ಯಗಳ ಮೇಲೆ ನಿಂತಿದೆ, ಮತ್ತು ಈ ನಾಲ್ಕರಲ್ಲಿ ಒಂದೂ ಆ ಭಾರವನ್ನು ಹೊರುವುದಿಲ್ಲ. ಒಂದೊಂದನ್ನೇ ತೆಗೆದುಕೊಳ್ಳೋಣ.

“ದಿನಗಳು ಉರುಳಿದವು.” ಮದುವೆಯ ಸಿದ್ಧತೆಯನ್ನೋ ಹಡಗಿನ ಪ್ರಯಾಣವನ್ನೋ ಹೀಗೆ ಒಂದೇ ವಾಕ್ಯದಲ್ಲಿ ದಾಟಿಸಬಹುದು. ಸೆರೆವಾಸವನ್ನು ದಾಟಿಸಲು ಬರುವುದಿಲ್ಲ, ಏಕೆಂದರೆ ಸೆರೆಯಲ್ಲಿ ದಿನಗಳ ಹೊರತು ಬೇರೇನೂ ಇರುವುದಿಲ್ಲ. ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವ ಕಾವಲುಗಾರನ ಹೆಜ್ಜೆ ಭಾರ, ಯಾವನು ಬೀಗವನ್ನು ಎರಡು ಸಲ ಎಳೆದು ನೋಡುತ್ತಾನೆ, ಶೌಚಕ್ಕೆ ಕರೆದೊಯ್ಯುವಾಗ ಎಷ್ಟು ಹೊತ್ತು ಒಬ್ಬಳೇ ಇರಲು ಬಿಡುತ್ತಾರೆ ಎಂಬುದನ್ನೆಲ್ಲ ಕೈದಿ ಗಮನಿಸಿ ಗಮನಿಸಿ ಕಂಠಪಾಠ ಮಾಡಿಕೊಳ್ಳುತ್ತಾಳೆ. ಪಲಾಯನ ಹುಟ್ಟುವುದು ಆ ಗಮನಿಕೆಯಿಂದ. ನಿಮ್ಮ ಕಥೆಗೆ ಬಹಳ ಹತ್ತಿರವಿರುವ ಒಂದು ಜೀವನವನ್ನು ನೋಡಿ. ಟಿಪ್ಪು ಸುಲ್ತಾನನ ವಂಶಸ್ಥೆಯೆಂದು ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ನೂರ್ ಇನಾಯತ್ ಖಾನ್, ಬ್ರಿಟನ್ನಿನ ರಹಸ್ಯ ಸಂಸ್ಥೆಯ ವೈರ್‌ಲೆಸ್ ನಿರ್ವಾಹಕಿಯಾಗಿ 1943ರ ಜೂನ್‌ನಲ್ಲಿ ಫ್ರಾನ್ಸಿಗೆ ಬಂದರು; ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಸೆರೆಸಿಕ್ಕರು. ಅವರನ್ನು ಇರಿಸಿದ್ದು ಜರ್ಮನ್ ಗುಪ್ತಚರ ದಳದ ಕಚೇರಿಯಿದ್ದ, ಅವೆನ್ಯೂ ಫೋಷ್‌ನ 84ನೆಯ ಸಂಖ್ಯೆಯ ಕಟ್ಟಡದಲ್ಲಿ, ಮಹಡಿಯ ತುತ್ತತುದಿಯ ಪುಟ್ಟ ಕೋಣೆಯೊಂದರಲ್ಲಿ. ಸೆರೆಯಾದ ಕೂಡಲೇ ಅವರು ಸ್ನಾನ ಮಾಡಬೇಕೆಂದು ಕೇಳಿದರು, ಬಾಗಿಲು ಮುಚ್ಚಿಕೊಳ್ಳಬೇಕೆಂದು ಪಟ್ಟುಹಿಡಿದರು, ಒಳಗೆ ಹೋದವರೇ ಕಿಟಕಿಯಿಂದ ಮಾಡಿಗೆ ಹತ್ತಿದರು. ಸಿಕ್ಕಿಬಿದ್ದರು. ಅಷ್ಟಕ್ಕೆ ಬಿಡಲಿಲ್ಲ. ಅದೇ ಮಹಡಿಯಲ್ಲಿದ್ದ ಇನ್ನಿಬ್ಬರು ಕೈದಿಗಳೊಡನೆ, ಶೌಚಾಲಯದಲ್ಲಿ ಬಚ್ಚಿಟ್ಟ ಚೀಟಿಗಳ ಮೂಲಕ ಮಾತು ಬೆಳೆಸಿ, ಒಂದೇ ಸ್ಕ್ರೂಡ್ರೈವರನ್ನು ಮೂವರೂ ಸರದಿಯಲ್ಲಿ ಬಳಸಿ, ಮಾಡುಗಿಂಡಿಯ ಕಬ್ಬಿಣದ ಸರಳುಗಳನ್ನು ಸಡಿಲಿಸಿದರು. ನವೆಂಬರ್ 25ರ ರಾತ್ರಿ ಮೂವರೂ ಮಾಡಿನ ಮೇಲಿದ್ದರು. ಆ ಹೊತ್ತಿಗೇ ವಿಮಾನದಾಳಿಯ ಎಚ್ಚರಿಕೆಯ ಸೈರನ್ ಕೂಗಿತು. ಸೈರನ್ ಕೂಗಿದಾಗ ಕೈದಿಗಳನ್ನು ಎಣಿಸುವುದು ಅಲ್ಲಿನ ನಿಯಮವಾಗಿತ್ತು. ಮೂವರೂ ಮತ್ತೆ ಸಿಕ್ಕಿಬಿದ್ದರು. ಇನ್ನು ತಪ್ಪಿಸಿಕೊಳ್ಳಲು ಪ್ರಯತ್ನಿಸುವುದಿಲ್ಲವೆಂದು ಬರೆದುಕೊಡಲು ನೂರ್ ಒಪ್ಪಲಿಲ್ಲ. ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಅವರನ್ನು ಸರಪಳಿ ಬಿಗಿದು ಇಟ್ಟರು. 1944ರ ಸೆಪ್ಟೆಂಬರ್‌ನಲ್ಲಿ ಡಾಕಾವ್ ಯಾತನಾ ಶಿಬಿರದಲ್ಲಿ ಕೊಂದರು.

ನಿಮ್ಮ ನಾಯಕಿ ನೂರ್ ಆಗಬೇಕೆಂದು ನಾನು ಹೇಳುತ್ತಿಲ್ಲ. ಅವಳು ಬದುಕಿ ಉಳಿಯಲಿ, ಪ್ರೀತಿಸಲಿ. ಆದರೆ ಒಂದು ಸರಳು, ಒಂದು ಚೀಟಿ, ಒಂದು ಸ್ಕ್ರೂಡ್ರೈವರ್ ಇವುಗಳಿಗೆ ನಿಜಜೀವನದಲ್ಲಿ ಎಷ್ಟು ತಾಳ್ಮೆ ಬೇಕಾಯಿತು ಎಂಬುದನ್ನು ನೋಡಿ, ನಿಮ್ಮ “ದಿನಗಳು ಉರುಳಿದವು” ಎಂಬ ಮಾತನ್ನು ಮತ್ತೆ ಓದಿ. ನಿಮ್ಮ ಕೈಯಲ್ಲಿದ್ದ ಅತ್ಯಂತ ಬೆಲೆಬಾಳುವ ಸರಕನ್ನು ನೀವೇ ಹೊರಗೆ ಚೆಲ್ಲಿದ್ದೀರಿ.

“ಅವನ ಕಣ್ಣುಗಳಲ್ಲಿ ಅವಳು ಪ್ರೀತಿಯನ್ನು ಕಂಡಳು.” ಈ ವಾಕ್ಯ ನನಗೆ ಸಿಟ್ಟು ತರಿಸಿತು. ಎರಡನೆಯ ಅಧ್ಯಾಯದಲ್ಲಿ ನೀವೇ ಅವಳ ತರಬೇತಿಯನ್ನು ವರ್ಣಿಸಿದ್ದೀರಿ: ನಡುರಾತ್ರಿ ಹಾಸಿಗೆಯಿಂದ ಎಬ್ಬಿಸಿ, ಜರ್ಮನ್ ಸಮವಸ್ತ್ರ ತೊಟ್ಟವರ ಮುಂದೆ ನಿಲ್ಲಿಸಿ, ಹುಸಿ ವಿಚಾರಣೆ ನಡೆಸುತ್ತಾರೆ. ಇಂಥ ತರಬೇತಿ ನಿಜಕ್ಕೂ ನಡೆಯುತ್ತಿತ್ತು. ನೀವು ಅದನ್ನು ಚೆನ್ನಾಗಿ ಬರೆದಿದ್ದೀರಿ. ಹಾಗೆ ಪಳಗಿದವಳಿಗೆ, ಎದುರಿಗೆ ಕುಳಿತ ಅಧಿಕಾರಿಯ ಮೃದುವಾದ ಮಾತು, ಅವನು ಮುಂದಕ್ಕೆ ಸರಿಸುವ ಸಿಗರೇಟು, ಬೆಚ್ಚನೆಯ ಕಂಬಳಿ ಇವೆಲ್ಲ ಅವನ ಉದ್ಯೋಗದ ಸಲಕರಣೆಗಳೆಂದು ಗೊತ್ತಿರಲೇಬೇಕು. ಹೊಡೆತಕ್ಕೆ ಬಾಯಿ ಬಿಡದವರು ಆದರಕ್ಕೆ ಬಾಯಿ ಬಿಡುತ್ತಾರೆ ಎಂಬುದು ವಿಚಾರಣೆಯ ಹಳೆಯ ಪಾಠ. ಹೀಗಿರುವಾಗ ಅವನ ಕಣ್ಣುಗಳಲ್ಲಿ ಪ್ರೀತಿ ಕಂಡೊಡನೆ ಅವಳು ಪಡಬೇಕಾದದ್ದು ಸಂತೋಷವಲ್ಲ, ಭಯ. ಅವನು ನಿಜವಾಗಿ ಪ್ರೀತಿಸುತ್ತಿದ್ದರೂ ಅದನ್ನು ತೋರಿಸಲು ಅವನ ಬಳಿ ಇರುವ ಮಾತುಗಳೆಲ್ಲ ವಿಚಾರಣೆಯಲ್ಲಿ ಬಳಸಿ ಸವೆದ ಮಾತುಗಳೇ. ಅವಳು ನಂಬಿದರೆ ಜೊತೆಗಾರರ ಪ್ರಾಣ ಹೋಗಬಹುದು. ನಂಬದಿದ್ದರೆ ಬದುಕಿನ ಏಕೈಕ ನಿಜವನ್ನು ಕಳೆದುಕೊಳ್ಳಬಹುದು. ಬೇಹುಗಾರಿಕೆಯ ಪ್ರೇಮಕಥೆಗೆ ಬೇರೆ ಪ್ರೇಮಕಥೆಗಳಲ್ಲಿಲ್ಲದ ಬಿಗಿ ಬರುವುದು ಇಲ್ಲಿಂದ. ಅದನ್ನು ನೀವು ಒಂದು ನೋಟದಲ್ಲಿ ಮುಗಿಸಿಬಿಟ್ಟಿದ್ದೀರಿ.

“ಒಂದು ರಾತ್ರಿ ಅವನು ಮಾತಿಲ್ಲದೆ ಅವಳ ಅಂಗೈಯಲ್ಲಿ ಕೀಲಿಕೈ ಇಟ್ಟ.” ಯಾವ ಬಾಗಿಲಿನ ಕೀಲಿಕೈ? ಕೋಣೆಯದಾದರೆ ಮೆಟ್ಟಿಲ ಬಳಿಯ ಕಾವಲುಗಾರ ಏನಾದ? ಹೆಬ್ಬಾಗಿಲಿನದಾದರೆ ಕೋಣೆಯನ್ನು ತೆರೆದವರು ಯಾರು? ಬೆಳಗ್ಗೆ ಕೈದಿ ಇಲ್ಲವೆಂದು ತಿಳಿದಾಗ ಈ ಅಧಿಕಾರಿ ಏನು ಹೇಳುತ್ತಾನೆ? ಮುಂದಿನ ಅಧ್ಯಾಯದಲ್ಲಿ ಅವನು ಎಂದಿನಂತೆ ಮೇಜಿನ ಮುಂದೆ ಕುಳಿತಿದ್ದಾನೆ.

ಇಂಥ ಪ್ರಶ್ನೆಗಳನ್ನು ಕೇಳುವುದನ್ನು ನನಗೆ ಕಲಿಸಿದವರು, ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದಲು ಸೇರಿದಾಗ ಅಲ್ಲಿದ್ದ ಹಿರಿಯ ಸಂಪಾದಕರು. ಪತ್ತೇದಾರಿ ಧಾರಾವಾಹಿಯ ಪುಟಗಳು ನನ್ನ ಪಾಲಿಗೆ ಬರುತ್ತಿದ್ದವು. ನಾನು ಒತ್ತಕ್ಷರ, ದೀರ್ಘ, ಅಲ್ಪವಿರಾಮ ನೋಡಿ ಮುಗಿಸುವಷ್ಟರಲ್ಲಿ ಅವರು ಹಾಳೆಯನ್ನು ತಮ್ಮೆಡೆಗೆ ಎಳೆದುಕೊಂಡು, ಯಾವುದಾದರೂ ಸಾಲಿನ ಮೇಲೆ ಬೆರಳಿಟ್ಟು, “ಈಗ ಇವನ ಕೈಯಲ್ಲಿ ಏನಿದೆ?” ಎಂದು ಕೇಳುತ್ತಿದ್ದರು. ಒಮ್ಮೆ ಕಥಾನಾಯಕನ ಬಲಗೈಯಲ್ಲಿ ಲಾಟೀನು, ಎಡಗೈಯಲ್ಲಿ ಪಿಸ್ತೂಲು ಇತ್ತು. ಮರುವಾಕ್ಯದಲ್ಲೇ ಅವನು ಚಿಲಕ ತೆಗೆದು ಒಳನುಗ್ಗಿದ್ದ. ಚಿಲಕ ತೆಗೆದ ಕೈ ಯಾವುದೆಂದು ಅಂಚಿನಲ್ಲಿ ಬರೆದು ಅವರು ಆ ಹಾಳೆಯನ್ನು ಲೇಖಕರಿಗೆ ವಾಪಸು ಕಳುಹಿಸಿದರು. ಆ ಲೇಖಕರು ಆ ಕಾಲಕ್ಕೆ ದೊಡ್ಡ ಹೆಸರು ಮಾಡಿದ್ದವರು; ಸಿಟ್ಟಾಗುತ್ತಾರೆಂದು ಕಚೇರಿಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ತಿದ್ದಿ ಬಂದ ಪುಟದಲ್ಲಿ ನಾಯಕ ಲಾಟೀನನ್ನು ನೆಲದ ಮೇಲಿಟ್ಟು ಚಿಲಕ ತೆಗೆಯುತ್ತಾನೆ. ಬಾಗಿಲು ತೆರೆದಾಗ ಬೆಳಕು ಕೆಳಗಿನಿಂದ ಬೀಳುವುದರಿಂದ, ಒಳಗೆ ನಿಂತಿದ್ದವನ ಬೂಟುಗಳು ಮೊದಲು ಕಾಣುತ್ತವೆ, ಮುಖ ಕಾಣುವುದಿಲ್ಲ. ಆ ಕಂತಿನಲ್ಲಿ ಓದುಗರು ನೆನಪಿಟ್ಟುಕೊಂಡದ್ದು ಆ ಬೂಟುಗಳನ್ನೇ. ಅಡ್ಡಿಯೊಂದನ್ನು ಪ್ರಾಮಾಣಿಕವಾಗಿ ಎದುರಿಸಿದ ಬರಹಗಾರನಿಗೆ ಮಾತ್ರ ಇಂಥ ಚಿತ್ರ ಸಿಗುತ್ತದೆ ಎಂದು ಆ ದಿನದಿಂದ ನಂಬಿದ್ದೇನೆ. ಪ್ರೀತಿಯ ಹೆಸರಿನಲ್ಲಿ ಕೀಲಿಕೈ ಕೊಡಿಸಿ ನೀವು ಎದುರಿಸದೆ ಬಿಟ್ಟ ಅಡ್ಡಿಗಳು ಎಷ್ಟೆಂದು ಲೆಕ್ಕ ಹಾಕಿ.

“ಅವಳು ಕತ್ತಲೆಯಲ್ಲಿ ಕರಗಿಹೋದಳು.” ಪ್ಯಾರಿಸ್ಸಿನಲ್ಲಿ ರಾತ್ರಿ ಕರ್ಫ್ಯೂ ಇತ್ತು. ಗುರುತುಪತ್ರವಿಲ್ಲದ, ವಾರಗಟ್ಟಲೆ ಕೂಡಿಹಾಕಲ್ಪಟ್ಟ ಹೆಂಗಸು ನಿರ್ಜನ ಬೀದಿಯಲ್ಲಿ ಕರಗುವುದಿಲ್ಲ, ಎದ್ದು ಕಾಣುತ್ತಾಳೆ. ಅವಳ ಕಾಲಲ್ಲಿ ಚಪ್ಪಲಿಯಾದರೂ ಇದೆಯೇ? ಯಾರ ಮನೆಯ ಬಾಗಿಲು ತಟ್ಟುತ್ತಾಳೆ, ಅವಳಿಗೆ ಗೊತ್ತಿದ್ದ ಮನೆಗಳೆಲ್ಲ ಶತ್ರುಗಳಿಗೂ ಗೊತ್ತಾಗಿರುವಾಗ?

ಇದೇ ದೋಷ ಹತ್ತನೆಯ ಅಧ್ಯಾಯದಲ್ಲೂ ಇದೆ. ಅವಳ ವೈರ್‌ಲೆಸ್ಸನ್ನೇ ಬಳಸಿ ಲಂಡನ್ನಿಗೆ ಸುಳ್ಳು ಸಂದೇಶ ಕಳುಹಿಸುವಂತೆ ಒತ್ತಾಯಿಸುತ್ತಾರೆ. ನೀವು “ಅವಳು ಕಣ್ಣೀರಿಡುತ್ತ ಸಂದೇಶ ಕಳುಹಿಸಿದಳು” ಎಂದು ಬರೆದು ಮುಂದೆ ಸಾಗುತ್ತೀರಿ. ಆದರೆ ನಿರ್ವಾಹಕರು ತಮ್ಮ ಸಂದೇಶಗಳಲ್ಲಿ ಬೇಕೆಂದೇ ಒಂದು ತಪ್ಪನ್ನು ಸೇರಿಸುತ್ತಿದ್ದರು. ತಪ್ಪು ಇದ್ದರೆ ಎಲ್ಲ ಕ್ಷೇಮ, ತಪ್ಪು ಇಲ್ಲದಿದ್ದರೆ ಸೆರೆಸಿಕ್ಕಿದ್ದೇನೆ ಎಂದರ್ಥ. 1942ರ ಮಾರ್ಚ್‌ನಲ್ಲಿ ಹಾಲೆಂಡಿನಲ್ಲಿ ಸೆರೆಯಾದ ಹ್ಯೂಬ್ ಲಾವರ್ಸ್ ಎಂಬ ನಿರ್ವಾಹಕ ಹದಿನಾರನೆಯ ಅಕ್ಷರವನ್ನು ತಪ್ಪಾಗಿ ಕಳುಹಿಸಬೇಕಿತ್ತು. ಅವನು ಜರ್ಮನ್ನರಿಗೆ, ವಾಕ್ಯದ ಕೊನೆಯಲ್ಲಿ ಬರುವ ‘ಸ್ಟಾಪ್’ ಎಂಬ ಪದದ ಒಂದು ಅಕ್ಷರ ಬದಲಿಸುವುದೇ ತನ್ನ ಗುರುತು ಎಂದು ನಂಬಿಸಿದ. ನಿಜವಾದ ತಪ್ಪನ್ನು ಬಿಟ್ಟು ಸಂದೇಶ ಕಳುಹಿಸಿದ. ಲಂಡನ್ ಅದನ್ನು ಗಮನಿಸದೆ ಹೊಸ ಬೇಹುಗಾರರನ್ನು ಕಳುಹಿಸುತ್ತಲೇ ಹೋಯಿತು, ಅವರು ನೇರವಾಗಿ ಶತ್ರುಗಳ ಕೈಗೆ ಬೀಳುತ್ತಲೇ ಹೋದರು. ಹೆಗಲ ಮೇಲಿನಿಂದ ಅಧಿಕಾರಿ ಬಗ್ಗಿ ನೋಡುತ್ತಿರುವಾಗ ನಿಮ್ಮ ನಾಯಕಿ ಆ ಒಂದು ಅಕ್ಷರದ ಬಳಿಗೆ ಬಂದು ತಲುಪುವ ಗಳಿಗೆಯನ್ನು ಊಹಿಸಿಕೊಳ್ಳಿ. ಅವಳು ಅಲ್ಲಿ ತಪ್ಪು ಮಾಡುತ್ತಾಳೆಯೇ, ಬಿಡುತ್ತಾಳೆಯೇ? ಆ ಅಧಿಕಾರಿಗೆ ಅದು ಗೊತ್ತಾಗಿಯೂ ಅವನು ಸುಮ್ಮನಿದ್ದರೆ? ಅವನ ಪ್ರೀತಿಗೆ ಕಣ್ಣೋಟಕ್ಕಿಂತ ಎಷ್ಟೋ ಗಟ್ಟಿಯಾದ ಸಾಕ್ಷಿ ಅದಾಗುತ್ತಿತ್ತು, ಮತ್ತು ಅದರ ನಂತರವೂ ಅವಳ ಅನುಮಾನ ಪೂರ್ತಿ ಹೋಗುತ್ತಿರಲಿಲ್ಲ.

ಹಸ್ತಪ್ರತಿಯಲ್ಲಿ ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಒಂಬತ್ತನೆಯ ಅಧ್ಯಾಯದ ಎರಡು ಸಾಲು: “ಪಕ್ಕದ ಕೋಣೆಯಿಂದ ಯಾರೋ ಗೋಡೆ ತಟ್ಟಿದರು. ಅವಳೂ ತಟ್ಟಿದಳು.” ಮುಂದಿನ ಪುಟಗಳಲ್ಲಿ ಆ ಕೈದಿಯನ್ನು ಹುಡುಕಿದೆ, ಅವನು ಎಲ್ಲೂ ಇಲ್ಲ. ವಿಯೆಟ್ನಾಂ ಯುದ್ಧದಲ್ಲಿ ಸೆರೆಯಾಗಿದ್ದ ಅಮೆರಿಕನ್ ಸೈನಿಕರು ಇಂಗ್ಲಿಷ್ ಅಕ್ಷರಗಳನ್ನು ಐದೈದರ ಚೌಕದಲ್ಲಿ ಜೋಡಿಸಿಕೊಂಡು, ಮೊದಲು ಅಡ್ಡಸಾಲಿನ ಸಂಖ್ಯೆ, ಆಮೇಲೆ ಕಂಬಸಾಲಿನ ಸಂಖ್ಯೆ ಎಂದು ಗೋಡೆಯ ಮೇಲೆ ತಟ್ಟಿ ಮಾತಾಡುತ್ತಿದ್ದರು. ರಾತ್ರಿ ಮಲಗುವ ಮುನ್ನ ‘ದೇವರು ಕಾಪಾಡಲಿ’ ಎಂಬುದನ್ನು ಮೂರೇ ಅಕ್ಷರಕ್ಕಿಳಿಸಿ ತಟ್ಟುತ್ತಿದ್ದರು. ಮುಖ ನೋಡದೆಯೇ ಅವರಲ್ಲಿ ಎಷ್ಟೋ ಜನ ಒಬ್ಬರಿಗೊಬ್ಬರು ಆಪ್ತರಾದರು. ನಿಮ್ಮ ಪ್ರೇಮಕಥೆ ಆ ಗೋಡೆಯ ಆಚೆಗಿರಬಹುದೇ ಎಂದು ಯೋಚಿಸಿ. ತಟ್ಟುವವನು ಶತ್ರುಗಳೇ ಇರಿಸಿದ ಸುಳ್ಳು ಕೈದಿಯೂ ಆಗಿರಬಹುದಾದ್ದರಿಂದ ಅಲ್ಲಿಯೂ ಅನುಮಾನ ಜೊತೆಗೇ ಇರುತ್ತದೆ. ಅಧಿಕಾರಿಯನ್ನೇ ಉಳಿಸಿಕೊಳ್ಳುವುದಾದರೆ ಅದು ನಿಮ್ಮ ಇಷ್ಟ. ಆದರೆ ಗೋಡೆ ತಟ್ಟಿದವನನ್ನು ಮರೆಯುವ ಹಕ್ಕು ನಿಮಗಿಲ್ಲ.

ಕೊನೆಯ ಅಧ್ಯಾಯದಲ್ಲಿ ಲಂಡನ್ ಅವಳನ್ನು ಹೂಗುಚ್ಛದೊಡನೆ ಸ್ವಾಗತಿಸುತ್ತದೆ. ಹಾಲೆಂಡಿನ ಹಾರೆನ್ ಸೆರೆಮನೆಯಿಂದ 1943ರ ಆಗಸ್ಟ್ ಕೊನೆಯಲ್ಲಿ ತಪ್ಪಿಸಿಕೊಂಡ, ಲಂಡನ್ನೇ ಕಳುಹಿಸಿದ್ದ ಬೇಹುಗಾರರಾದ ಪೀಟರ್ ಡೂರ್‌ಲೈನ್ ಮತ್ತು ಬೆನ್ ಉಬ್ಬಿಂಕ್, ಸ್ವಿಟ್ಜರ್ಲೆಂಡ್ ಮತ್ತು ಸ್ಪೇನ್ ದಾಟಿ 1944ರಲ್ಲಿ ಬ್ರಿಟನ್ ತಲುಪಿದಾಗ, ಅವರನ್ನು ಅಲ್ಲಿಯೂ ಸೆರೆಯಲ್ಲಿಟ್ಟರು. ಅವರು ತಮ್ಮ ಕಡೆ ಸೇರಿದ್ದಾರೆಂದು ಜರ್ಮನ್ನರು ಅಷ್ಟರಲ್ಲಿ ಲಂಡನ್ನಿಗೆ ಸುಳ್ಳು ಸಂದೇಶ ಕಳುಹಿಸಿದ್ದರು. ನಿಮ್ಮ ನಾಯಕಿ ವಿಚಾರಣಾಧಿಕಾರಿಯ ಕೈಯಿಂದಲೇ ಬಿಡುಗಡೆ ಪಡೆದು ಬಂದವಳು. ಅವಳನ್ನು ಮೇಜಿನ ಮುಂದೆ ಕೂರಿಸಿ, ಆ ಕೀಲಿಕೈ ನಿನಗೆ ಹೇಗೆ ಸಿಕ್ಕಿತು ಎಂದು ಅವಳ ಸ್ವಂತ ಜನರೇ ಕೇಳಬೇಕು. “ಅವನು ನನ್ನನ್ನು ಪ್ರೀತಿಸಿದ” ಎಂಬ ಉತ್ತರವನ್ನು ಅವಳು ಅಲ್ಲಿ ಹೇಳಬಲ್ಲಳೇ?

ಮೊದಲ ಎಂಟು ಅಧ್ಯಾಯಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಒಂಬತ್ತರಿಂದ ಹನ್ನೊಂದರವರೆಗೆ ಹೊಸದಾಗಿ ಬರೆಯಿರಿ. ಉದ್ದವಾದರೆ ಆಗಲಿ, ಪುಟಗಳ ಚಿಂತೆ ನನಗಿರಲಿ. ಬರೆಯಲು ಕೂರುವ ಮುನ್ನ ಆ ಕಟ್ಟಡದ ನಕ್ಷೆಯನ್ನು ಕಾಗದದ ಮೇಲೆ ಗೀಚಿಕೊಳ್ಳಿ: ಕೋಣೆ, ಪಕ್ಕದ ಕೋಣೆ, ಶೌಚಾಲಯ, ಮೆಟ್ಟಿಲು, ಕಾವಲುಗಾರನ ಕುರ್ಚಿ, ಬೀದಿಯ ಬಾಗಿಲು. ಆ ನಕ್ಷೆಯನ್ನೂ ಅಧ್ಯಾಯಗಳ ಜೊತೆಗೆ ಕಳುಹಿಸಿ, ನಾನು ಎರಡನ್ನೂ ಎದುರಿಗಿಟ್ಟುಕೊಂಡು ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ