ನೆಟ್ಟಗೆ ನಿಂತ ಕಾಸ್ಮಿಕ್ ಸ್ಟ್ರಿಂಗ್ ಏನನ್ನೂ ಎಳೆಯುವುದಿಲ್ಲವೇಕೆ?

ಪ್ರಶ್ನೆ: ಕಾಸ್ಮಿಕ್ ಸ್ಟ್ರಿಂಗ್‌ಗಳಿಗೆ ಭಯಂಕರ ತೂಕ ಅಂತಾರೆ. ಆದರೆ ನೆಟ್ಟಗಿರುವ ಸ್ಟ್ರಿಂಗ್ ಪಕ್ಕದ ವಸ್ತುವನ್ನು ಎಳೆಯುವುದೇ ಇಲ್ಲ ಅಂತ ಓದಿದೆ. ಇದು ಹೇಗೆ ಸಾಧ್ಯ? ಹಾಗಾದರೆ ಅದರ ಚಲನೆಗೂ ಗುರುತ್ವಕ್ಕೂ ಸಂಬಂಧವೇ ಇಲ್ಲವಾ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೀವು ಓದಿದ್ದು ಸರಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಕಾಸ್ಮಿಕ್ ಸ್ಟ್ರಿಂಗ್ ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ವಿಶ್ವ ಹುಟ್ಟಿದ ಹೊಸದರಲ್ಲಿ ತಣ್ಣಗಾಗುತ್ತಾ ಬಂದಾಗ ಹಳೆಯ ಬಿಸಿ ಸ್ಥಿತಿ ಅಲ್ಲಲ್ಲಿ ತೆಳ್ಳಗಿನ ಎಳೆಗಳಾಗಿ ಸಿಕ್ಕಿಹಾಕಿಕೊಂಡಿರಬಹುದು ಎಂದು 1976ರಲ್ಲಿ ಲಂಡನ್ನಿನ ಭೌತವಿಜ್ಞಾನಿ ಟಾಮ್ ಕಿಬಲ್ ತೋರಿಸಿದರು. ಎಳೆ ಪ್ರೋಟಾನ್‌ಗಿಂತ ಎಷ್ಟೋ ಪಟ್ಟು ಸಪೂರ. ತೂಕ ಮಾತ್ರ ವಿಪರೀತ. ಸಿದ್ಧಾಂತ ಹೇಳುವ ಭಾರಿ ಬಗೆಯ ಸ್ಟ್ರಿಂಗ್ ಆದರೆ ನಾಲ್ಕೂವರೆ ಕಿಲೋಮೀಟರ್ ತುಂಡು ನಮ್ಮ ಭೂಮಿಯಷ್ಟು ತೂಗುತ್ತದೆ.

ಇಷ್ಟಾದರೂ ಎಳೆತ ಇಲ್ಲ. ಯಾಕೆಂದರೆ, ಐನ್‌ಸ್ಟೈನ್ ಲೆಕ್ಕದಲ್ಲಿ ಗುರುತ್ವ ಬರುವುದು ದ್ರವ್ಯರಾಶಿಯೊಂದರಿಂದಲೇ ಅಲ್ಲ. ಒಳಗಿನ ಒತ್ತಡ ಎಳೆತವನ್ನು ಹೆಚ್ಚಿಸುತ್ತದೆ, ಬಿಗಿತ ಕಡಿಮೆ ಮಾಡುತ್ತದೆ. ಕಲ್ಲು, ಕಬ್ಬಿಣದಂಥ ವಸ್ತುಗಳಲ್ಲಿ ಇದು ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಸ್ಟ್ರಿಂಗ್‌ನಲ್ಲಿ ಹಾಗಲ್ಲ. ಅದರ ಬಿಗಿತ, ಒಂದು ಮೀಟರ್ ಉದ್ದದಲ್ಲಿ ತುಂಬಿರುವ ಶಕ್ತಿಗೆ ಸರಿಸಮ. ಹಾಗಾಗಿ ತೂಕ ಕೊಟ್ಟದ್ದನ್ನು ಬಿಗಿತ ಪೂರ್ತಿ ಕಳೆದುಬಿಡುತ್ತದೆ. ಉಳಿಯುವುದು ಸೊನ್ನೆ. 1981ರಲ್ಲಿ ಭೌತವಿಜ್ಞಾನಿ ಅಲೆಕ್ಸಾಂಡರ್ ವಿಲೆಂಕಿನ್ ಇದನ್ನು ತೋರಿಸಿಕೊಟ್ಟರು. ಇದರ ತಿರುಗಾಮುರುಗಾ ಕೂಡ ನಿಜ: ಸುಮ್ನೆ ನಿಂತ ನೆಟ್ಟನೆಯ ಸ್ಟ್ರಿಂಗ್ ಪಕ್ಕದಲ್ಲಿ ಒಂದು ನಕ್ಷತ್ರವಿದ್ದರೆ ಅದೂ ಸ್ಟ್ರಿಂಗನ್ನು ಹೆಚ್ಚುಕಮ್ಮಿ ಎಳೆಯುವುದಿಲ್ಲ.

ಎಳೆತ ಇಲ್ಲದಿದ್ದರೂ ಸುತ್ತಲಿನ ಜಾಗ ಬದಲಾಗಿರುತ್ತದೆ. ದುಂಡನೆಯ ಕಾಗದದಿಂದ ಒಂದು ಸಣ್ಣ ಹೋಳು ಕತ್ತರಿಸಿ ತೆಗೆದು, ಅಂಚಿಗೆ ಅಂಚು ಅಂಟಿಸಿ. ಕಡಲೆಕಾಯಿ ಪೊಟ್ಟಣದ ಆಕಾರ ಬರುತ್ತದೆ. ಎಲ್ಲಿ ಮುಟ್ಟಿದರೂ ಕಾಗದ ಮೊದಲಿನಂತೆಯೇ ಇದೆ, ಆದರೆ ತುದಿಯ ಸುತ್ತ ಒಂದು ಸುತ್ತು ಬಂದರೆ 360 ಡಿಗ್ರಿಗೆ ಸ್ವಲ್ಪ ಕಡಿಮೆ. ಸ್ಟ್ರಿಂಗ್ ಸುತ್ತಲಿನ ಜಾಗವೂ ಹೀಗೇ. ಭಾರಿ ಸ್ಟ್ರಿಂಗ್‌ನಲ್ಲಿ ಕಾಣೆಯಾಗುವ ಕೋನ ಸುಮಾರು 5 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್). ಹಿಂದಿರುವ ಗೆಲಾಕ್ಸಿಯ ಬೆಳಕು ಎರಡೂ ಕಡೆಯಿಂದ ಬಂದು ಒಂದೇ ಥರದ ಎರಡು ಚಿತ್ರ ಕಾಣಬೇಕು. 2003ರಲ್ಲಿ ಸಿಎಸ್‌ಎಲ್-1 ಎಂಬ ಅಂಥ ಜೋಡಿಯೊಂದು ಸಿಕ್ಕಿ ಸಾಕಷ್ಟು ಗದ್ದಲವೂ ಆಯಿತು. 2006ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕದಿಂದ ಸರಿಯಾಗಿ ನೋಡಿದಾಗ ಅವು ಅಕ್ಕಪಕ್ಕದ ಬೇರೆ ಬೇರೆ ಗೆಲಾಕ್ಸಿಗಳು!

ಈಗ ಚಲನೆಗೆ ಬರೋಣ. ನನ್ನ ಪ್ರಕಾರ ನಿಜವಾದ ಮಜಾ ಇರುವುದು ಇಲ್ಲೇ. ಸ್ಟ್ರಿಂಗ್ ಓಡಲು ಶುರುಮಾಡಿದ ಕೂಡಲೇ ಗುರುತ್ವದ ಕೆಲಸ ಕಾಣುತ್ತದೆ. ಅದು ಹಾದುಹೋದ ಮೇಲೆ ಎರಡೂ ಬದಿಯ ವಸ್ತುಗಳು ಒಂದರ ಕಡೆಗೊಂದು ಚಲಿಸತೊಡಗುತ್ತವೆ. ಬೆಳಕಿನ ಅರ್ಧ ವೇಗದ ಭಾರಿ ಸ್ಟ್ರಿಂಗ್ ಆದರೆ ಸೆಕೆಂಡಿಗೆ ನಾಲ್ಕು ಕಿಲೋಮೀಟರ್ ಆಸುಪಾಸು.

ಸ್ಟ್ರಿಂಗ್ ತನ್ನನ್ನೇ ತಾನು ದಾಟಿದರೆ ಅಲ್ಲಿ ತುಂಡಾಗಿ ಉಂಗುರವೊಂದು ಬೇರೆಯಾಗುತ್ತದೆ. ಉಂಗುರ ಬಿಗಿತದಿಂದ ಅಲುಗಾಡುತ್ತಲೇ ಇರುತ್ತದೆ, ಅದರ ಸರಾಸರಿ ವೇಗ ಬೆಳಕಿನ ವೇಗದ ಶೇ 70ರಷ್ಟು. ಇಷ್ಟು ಭಾರ ಇಷ್ಟು ಜೋರಾಗಿ ಅಲುಗಾಡಿದರೆ ಗುರುತ್ವ ಅಲೆಗಳು, ಅಂದರೆ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಹರಡುವ ತರಂಗಗಳು, ಏಳಲೇಬೇಕಲ್ವಾ? ಅಲೆಗಳು ಹೊತ್ತೊಯ್ಯುವ ಶಕ್ತಿ ಹೋಗುವುದು ಉಂಗುರದ ಉದ್ದದಿಂದಲೇ. ಭಾರಿ ಬಗೆಯ ಉಂಗುರ ಸೆಕೆಂಡಿಗೆ ಸುಮಾರು 15 ಕಿಲೋಮೀಟರ್‌ನಂತೆ ಸವೆಯುತ್ತದೆ. ಒಂದು ಜ್ಯೋತಿರ್ವರ್ಷ ಉದ್ದದ್ದು 20 ಸಾವಿರ ವರ್ಷದಲ್ಲಿ ಮಾಯ. ಅಲೆಗಳು ಒಂದೇ ಕಡೆ ಜಾಸ್ತಿ ಹೋದರೆ ಉಂಗುರ ರಾಕೆಟ್‌ನಂತೆ ಎದುರು ದಿಕ್ಕಿಗೆ ದೂಡಿಸಿಕೊಳ್ಳುತ್ತದೆ. ಕೆಲವು ಬಿಂದುಗಳು ಕ್ಷಣಮಾತ್ರ ಬೆಳಕಿನ ವೇಗವನ್ನೇ ಮುಟ್ಟಿ, ಅಲ್ಲಿಂದ ಅಲೆಗಳ ಒಂದು ಚೂಪು ಸಿಡಿತ ಹೊರಡುತ್ತದೆ. ಉದ್ದನೆಯ ಸ್ಟ್ರಿಂಗ್‌ಗಳ ಕಥೆ ಬೇರೆ. ಅವುಗಳನ್ನು ವಿಶ್ವದ ಹಿಗ್ಗುವಿಕೆಯೇ ಜಗ್ಗಿ ನಿಧಾನ ಮಾಡುತ್ತದೆ.

ಹುಡುಕಾಟ ಈಗ ಇದೇ ಅಲೆಗಳ ಬೆನ್ನು ಹತ್ತಿದೆ. 2023ರ ಜೂನ್‌ನಲ್ಲಿ ಹಲವು ದೇಶಗಳ ತಂಡಗಳು ಪಲ್ಸಾರ್‌ಗಳ (ಗಡಿಯಾರದಂತೆ ಕ್ರಮಬದ್ಧವಾಗಿ ರೇಡಿಯೊ ಮಿಡಿತ ಕಳಿಸುವ, ಗಿರಗಿರನೆ ತಿರುಗುವ ಸತ್ತ ನಕ್ಷತ್ರಗಳ) ಮಿಡಿತದಲ್ಲಿ ಗುರುತ್ವ ಅಲೆಗಳ ಗುಂಗಿನ ಸುಳಿವು ಸಿಕ್ಕಿದೆ ಎಂದವು. ಪುಣೆ ಬಳಿಯ ಜಿಎಂಆರ್‌ಟಿ ದೂರದರ್ಶಕ ಬಳಸುವ ಭಾರತದ ತಂಡವೂ ಅದರಲ್ಲಿತ್ತು. ದೈತ್ಯ ಕಪ್ಪುಕುಳಿಗಳ ಜೋಡಿಗಳೇ ಇದಕ್ಕೆ ಕಾರಣ ಎಂಬುದು ಹೆಚ್ಚಿನವರ ಊಹೆ, ನನ್ನದೂ ಅದೇ. ಸ್ಟ್ರಿಂಗ್‌ಗಳು ಇದ್ದರೂ ಮೇಲೆ ಹೇಳಿದ ಭಾರಿ ಬಗೆಯವಾಗಿರಲು ಸಾಧ್ಯವಿಲ್ಲ. ಅದಕ್ಕಿಂತ ಸಾವಿರಾರು ಪಟ್ಟು ಹಗುರವಾಗಿರಬೇಕು.

ಪ್ರಶ್ನೆ: ಇಂಥ ಹಗುರ ಸ್ಟ್ರಿಂಗ್ ಭೂಮಿಯ ಮೂಲಕವೇ ಹಾದುಹೋದರೆ ನಮಗೆ ಗೊತ್ತಾಗುತ್ತದಾ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಚೆನ್ನಾಗಿಯೇ ಗೊತ್ತಾಗುತ್ತದೆ ಸರ್. ಭಾರಿ ಬಗೆಗಿಂತ ಹತ್ತು ಸಾವಿರ ಪಟ್ಟು ಹಗುರವಾದದ್ದು, ಬೆಳಕಿನ ವೇಗದ ಶೇ 60ರಲ್ಲಿ ಬಂತು ಅಂದುಕೊಳ್ಳಿ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಅದು ಆಚೆ ದಾಟಿರುತ್ತದೆ. ಅಷ್ಟರಲ್ಲಿ ಭೂಮಿಯ ಎರಡು ಭಾಗಗಳು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಒಂದರ ಮೇಲೊಂದು ಒತ್ತತೊಡಗಿರುತ್ತವೆ. ಕೇಳಲು ಕಡಿಮೆ ಅನ್ನಿಸಬಹುದು, ಆದರೆ ಅರ್ಧರ್ಧ ಗ್ರಹದ ತೂಕ ಅದರ ಹಿಂದಿದೆ. 1960ರ ಚಿಲಿ ಭೂಕಂಪ ಕಂಪನದ ಅಲೆಗಳಾಗಿ ಹೊರಹಾಕಿದ ಶಕ್ತಿಗಿಂತ ಇದು ಸಾವಿರಾರು ಪಟ್ಟು ಜಾಸ್ತಿ. ಹೆದರಬೇಡಿ, ನಮಗೆ ಕಾಣುವಷ್ಟು ಇಡೀ ವಿಶ್ವದಲ್ಲಿ ಉದ್ದನೆಯ ಸ್ಟ್ರಿಂಗ್‌ಗಳು ಇದ್ದರೂ ಹತ್ತಾರು ಮಾತ್ರ ಎನ್ನುತ್ತವೆ ಕಂಪ್ಯೂಟರ್ ಲೆಕ್ಕಗಳು.