ಹೆಡ್ ಬಿಚ್ಚುವ ಮೊದಲು ಟೈಮಿಂಗ್ ಮಾರ್ಕ್ ಕೂಡಿಸಲೇಬೇಕೇ?

ಪ್ರಶ್ನೆ: ಮುಳ್ಳೇರಿಯದ ಬಳಿ ನಮ್ಮ ಅಡಿಕೆ ತೋಟ. ಹಳೆಯ ಮಾರುತಿ ಓಮ್ನಿ ಇದೆ. ಹೇರು ತುಂಬಿ ಏರು ಹತ್ತುವಾಗ ಎಂಜಿನ್ ಬಿಸಿಯೇರಿತು. ಈಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಕೂರುವ ಸೀಲು) ಹೋಗಿದೆ ಎಂದು ಮೆಕ್ಯಾನಿಕ್ ಹೆಡ್ ಬಿಚ್ಚಲು ಹೊರಟಿದ್ದಾರೆ. ಟೈಮಿಂಗ್ ಮಾರ್ಕ್ (ಟೈಮಿಂಗ್ ಬೆಲ್ಟಿನ ಪುಲ್ಲಿಗಳನ್ನು ಸರಿಯಾದ ಸ್ಥಾನಕ್ಕೆ ತರಲು ಇರುವ ಗುರುತು) ಕೂಡಿಸುವುದಿಲ್ಲವೇ ಎಂದು ಕೇಳಿದರೆ, ‘ಬೆಲ್ಟಿಗೂ ಎರಡು ಪುಲ್ಲಿಗಳಿಗೂ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ, ಸಾಕು’ ಎನ್ನುತ್ತಾರೆ. ಸಾಕೇ?

ಉತ್ತರ: ಸಾಲದು. ಬೆಲ್ಟನ್ನಷ್ಟೇ ಕಳಚಿ, ಏನನ್ನೂ ಅಲುಗಿಸದೆ, ಅದೇ ಬೆಲ್ಟನ್ನು ಮರಳಿ ಹಾಕುವುದಾದರೆ ಬಣ್ಣದ ಗೆರೆ ನಡೆಯುತ್ತದೆ. ನಿಮ್ಮದು ಅಂಥ ಕೆಲಸವಲ್ಲ. ಬಿಸಿಯೇರಿದ ಅಲ್ಯುಮಿನಿಯಂ ಹೆಡ್ ಬಾಗಿರಬಹುದು, ಅದನ್ನು ಮಟ್ಟ ನೋಡಲು ಲೇತಿಗೆ ಕೊಡಬೇಕು. ಅಲ್ಲಿ ವಾಲ್ವ್ ಕೆಲಸವೂ ಸೇರಿಕೊಂಡರೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಹೊರಗೆ ಬರುತ್ತದೆ, ಹೆಡ್ಡನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆಯುತ್ತಾರೆ, ಮೆಕ್ಯಾನಿಕ್ ಎಳೆದ ಗೆರೆ ಜಿಡ್ಡಿನೊಂದಿಗೇ ಹೋಗುತ್ತದೆ. ಪುಲ್ಲಿಯ ಮೇಲೆ ಕಂಪನಿಯೇ ಕೊರೆದ ಗುರುತು ಮಾತ್ರ ಉಳಿಯುತ್ತದೆ.

ಪಿಸ್ಟನ್‌ಗಳಿಗೆ ಕೂಡಿದ ಕೆಳಗಿನ ಶಾಫ್ಟ್ ಕ್ರಾಂಕ್, ಬೆಲ್ಟ್ ಅದರಿಂದ ಮೇಲಿನ ಕ್ಯಾಮನ್ನು ತಿರುಗಿಸುತ್ತದೆ. ಕ್ರಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಹಾಗಾಗಿ ಮೊದಲನೇ ಪಿಸ್ಟನ್ ಒಂದು ಚಕ್ರದಲ್ಲಿ ಎರಡು ಸಲ ಮೇಲಕ್ಕೆ ಬರುತ್ತದೆ: ಒಮ್ಮೆ ಗಾಳಿಯನ್ನು ಒತ್ತಲು, ಇನ್ನೊಮ್ಮೆ ಹೊಗೆಯನ್ನು ಹೊರದೂಡಲು. ಕೆಳಗಿನ ಮಾರ್ಕ್ ಕೂಡಿತೆಂದು ಬೆಲ್ಟ್ ಎಳೆದುಬಿಡುವವರು ಎಡವುವುದು ಇಲ್ಲಿಯೇ. ಕ್ಯಾಮಿನ ಮಾರ್ಕ್ ಕೂಡ ತನ್ನ ಗುರುತಿಗೆ ನೇರವಾಗಿರಬೇಕು. ಇಲ್ಲದಿದ್ದರೆ ಕ್ರಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಬೇಕು.

ತಿರುಗಿಸುವಾಗ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಬ್ಯಾಟರಿ ವೈರ್ ಕಳಚಿರಲಿ. ಮೂರೂ ಪ್ಲಗ್ ತೆಗೆದರೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಕ್ರಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸಲಿ, ಸ್ಟಾರ್ಟರ್ ಮುಟ್ಟಬಾರದು. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಕೆಳಗಿನ ಮಾರ್ಕ್ ನೋಡಲು ಟಾರ್ಚು, ಸಣ್ಣ ಕನ್ನಡಿ ಎರಡೂ ಬೇಕಾದೀತು. ಈ ತಾಪತ್ರಯದಿಂದಲೇ ಅನೇಕರು ಗೆರೆ ಎಳೆದು ಮುಗಿಸುವುದು ಎಂದು ನನ್ನ ಗುಮಾನಿ.

ಇನ್ನೊಂದು ಗೊಂದಲವಿದೆ. ಹೊರಗಿನ ದೊಡ್ಡ ಪುಲ್ಲಿಯಲ್ಲಿ ಕಚ್ಚು ಇದ್ದರೆ ಅದು ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಕೊಡುವ ಸಮಯ) ನೋಡಲು ಇರುವಂಥದ್ದು. ಬೆಲ್ಟಿಗೆ ಬೇಕಾದ ಮಾರ್ಕ್ ಅದರ ಹಿಂದೆ, ಹಲ್ಲಿನ ಪುಲ್ಲಿಯ ಮೇಲಿರುತ್ತದೆ. ಎಲ್ಲ ಎಂಜಿನ್‌ಗಳಲ್ಲೂ ಮಾರ್ಕ್ ಕೂಡಿದಾಗ ಮೊದಲನೇ ಪಿಸ್ಟನ್ ಮೇಲೆಯೇ ಇರುತ್ತದೆ ಎಂದೂ ಇಲ್ಲ. ಆಯಾ ಎಂಜಿನ್‌ನ ಸರ್ವೀಸ್ ಪುಸ್ತಕ ಹೇಳಿದಂತೆಯೇ ನಡೆಯಬೇಕು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಾದರೆ, ಮಾರ್ಕ್ ಕೂಡಿಸಿದ ಮೇಲೆ ಅದರ ಮುಚ್ಚಳ ತೆಗೆದು ಒಳಗೆ ತಿರುಗುವ ರೋಟರ್ ಯಾವ ಕಡೆ ಮುಖ ಮಾಡಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅಷ್ಟು ಕೆಲಸ ನೀವೇ ಮಾಡಬಹುದು.

ಬೆಲ್ಟ್ ಕಳಚಿದ ಮೇಲೆ ಕ್ರಾಂಕನ್ನಾಗಲಿ ಕ್ಯಾಮನ್ನಾಗಲಿ ಸುಮ್ಮನೆ ತಿರುಗಿಸಬಾರದು. ಹಲವು ಎಂಜಿನ್‌ಗಳಲ್ಲಿ ತೆರೆದ ವಾಲ್ವಿಗೆ ಪಿಸ್ಟನ್ ತಾಗಿ ವಾಲ್ವ್ ಬಗ್ಗುತ್ತದೆ. ಹೆಡ್ ಬೋಲ್ಟ್‌ಗಳನ್ನು ಎಂಜಿನ್ ಪೂರ್ತಿ ತಣಿದ ಮೇಲೆಯೇ, ಅಂಚಿನಿಂದ ನಡುವಿಗೆ ಬರುತ್ತಾ, ಹಲವು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಬಿಗಿಯುವಾಗ ನಡುವಿನಿಂದ ಅಂಚಿಗೆ, ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲಿ.

ಮರುಜೋಡಣೆಯ ದಿನ ನೀವು ಹತ್ತಿರವಿದ್ದರೆ ಒಳ್ಳೆಯದು. ಬೆಲ್ಟ್ ಹಾಕಿ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಬಿಗಿದ ಮೇಲೆ ಕ್ರಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಎರಡೂ ಮಾರ್ಕ್ ಮತ್ತೆ ಕೂಡಿವೆಯೇ ಎಂದು ತೋರಿಸಲು ಹೇಳಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಬೇಕು. ಕ್ರಾಂಕ್ ಪುಲ್ಲಿಗೆ 20 ಹಲ್ಲುಗಳಿವೆ ಎಂದುಕೊಳ್ಳಿ, ಒಂದೇ ಹಲ್ಲು ತಪ್ಪಿದರೂ ಕ್ರಾಂಕಿನ ಲೆಕ್ಕದಲ್ಲಿ 18 ಡಿಗ್ರಿ ವ್ಯತ್ಯಾಸ. ಗಾಡಿ ಸ್ಟಾರ್ಟ್ ಆದೀತು, ಆದರೆ ಹೇರು ತುಂಬಿದಾಗ ಏರು ಹತ್ತದು. ಆಗ ಕಾರ್ಬ್ಯುರೇಟರ್, ಪ್ಲಗ್ ಎಂದು ಒಂದೊಂದನ್ನೇ ಬದಲಿಸುತ್ತಾ ಹೋಗುತ್ತಾರೆ.

ಹಳೆಯ ಬೆಲ್ಟನ್ನೇ ಹಾಕಿಸಬೇಡಿ. ಆಯಿಲ್, ಕೂಲೆಂಟ್ ತಾಗಿದ ಬೆಲ್ಟ್ ಎಷ್ಟು ದಿನ ಬಾಳುತ್ತದೆಂದು ಹೇಳಲಾಗದು. ಹೆಡ್ ಕೆಲಸದ ಕೂಲಿಯ ಮುಂದೆ ಹೊಸ ಬೆಲ್ಟಿನ ಬೆಲೆ ದೊಡ್ಡದಲ್ಲ. ಕೆಟ್ಟ ಆಯಿಲನ್ನೂ ಫಿಲ್ಟರನ್ನೂ ಬದಲಿಸದೆ ಎಂಜಿನ್ ಸ್ಟಾರ್ಟ್ ಮಾಡಲು ಬಿಡಬೇಡಿ.